ಲಿಂಡಾಲ್‌ನಿಂದ ಖಾಲಿ ಬಂದ ಟ್ರೇ

ಕೋಲ್ಬೆಕ್ ಕಾಲೇಜು, ಅಯೋವಾ
ಜೂನ್ ಹನ್ನೊಂದು

ಪ್ರೀತಿಯ ಮರ್ಲ್,

‘ಪ್ರೀತಿಯ’ ಎಂದು ಬರೆಯಲು ನನಗೆ ಹತ್ತು ನಿಮಿಷ ಹಿಡಿಯಿತು. ಕಳೆದ ಚಳಿಗಾಲದಲ್ಲಿ ನಿನ್ನ ಹೆಸರಿನ ಹಿಂದೆ ನಾನು ಸೇರಿಸಿದ ಮಾತುಗಳೇ ಬೇರೆ. ಅವು ನಿನ್ನ ಕಿವಿಗೆ ಬೀಳದೆ ಇದ್ದಿರಲಾರವು. ನಮ್ಮ ಕಡೆ ಮಾತು ಮೆಕ್ಕೆಜೋಳದ ಹೊಲದಲ್ಲಿ ಬಿದ್ದ ಬೆಂಕಿಯ ಹಾಗೆ ಹಬ್ಬುತ್ತದೆ, ಅದರಲ್ಲೂ ಹಚ್ಚಿದವಳು ನಾನಾದರೆ ಕೇಳಬೇಕೆ.

ಇಪ್ಪತ್ತೊಂಬತ್ತು ವರ್ಷ ನೀನು ಲಿಂಡಾಲ್ ಕಾಲೇಜಿನ ಕ್ರೀಡಾ ವಿಭಾಗ ನೋಡಿಕೊಂಡೆ, ನಾನು ಹದಿನೆಂಟು ಮೈಲಿ ಈಚೆ ಕೋಲ್ಬೆಕ್‌ನಲ್ಲಿ. ನಮ್ಮದು ಜೋಡಿ ಕಾಲೇಜು. ದೂರದಿಂದ ಬಂದ ತಂಡ ಶುಕ್ರವಾರ ನಿಮ್ಮಲ್ಲಿ ಆಡಿ, ಶನಿವಾರ ನಮ್ಮಲ್ಲಿ ಆಡಿ ಮನೆಗೆ ಹೋಗಬೇಕು. ದಿನಕ್ಕೊಂದೇ ರೈಲಿದ್ದ ಕಾಲದಲ್ಲಿ ಎಂಟು ಕಾಲೇಜುಗಳ ಎಂಟು ಪಾದ್ರಿಗಳು ಸ್ಟೇಷನ್ನಿನ ಹೋಟೆಲಿನಲ್ಲಿ ಕೂತು ‘ಎರಡು ನದಿಗಳ ಒಕ್ಕೂಟ’ ಎಂಬ ಕ್ರೀಡಾ ಸಂಘ ಕಟ್ಟಿದಾಗ ಮಾಡಿದ ಏರ್ಪಾಡು ಅದು. ರೈಲು ಹೋಯಿತು, ಏರ್ಪಾಡು ಉಳಿಯಿತು.

ಆಮೇಲೆ ನಮ್ಮ ಟ್ರೇ. ನಮ್ಮ ಹುಡುಗಿಯರು ಬ್ಯಾಸ್ಕೆಟ್‌ಬಾಲ್ ಆಡಲು ನಿಮ್ಮಲ್ಲಿಗೆ ಬರುವಾಗ ನಾನು ಅದರ ತುಂಬ ಖರ್ಜೂರದ ಬಿಲ್ಲೆ ಮಾಡಿ ಕಳಿಸುತ್ತಿದ್ದೆ. ನಿಮ್ಮವರು ನಮ್ಮಲ್ಲಿಗೆ ಬರುವಾಗ ನೀನು ಅದೇ ಟ್ರೇಯಲ್ಲಿ ಏನಾದರೂ ತುಂಬಿ ಹಿಂದಿರುಗಿಸುತ್ತಿದ್ದೆ. ನಿನ್ನ ಹೆಂಡತಿ ತೀರಿಕೊಂಡ ವರ್ಷವೂ ಅದು ಖಾಲಿ ಬರಲಿಲ್ಲ. ನೀನು ಅಂಗಡಿಯ ಬಿಸ್ಕತ್ತು ಜೋಡಿಸಿ, ಮೇಲೆ ಸಕ್ಕರೆಪುಡಿ ಉದುರಿಸಿ, ಮನೆಯಲ್ಲಿ ಮಾಡಿದ್ದೆಂದು ಸುಳ್ಳು ಹೇಳಿ ಕಳಿಸಿದ್ದೆ. ನನಗೆ ಗೊತ್ತಾಗಿತ್ತು, ನಾನು ಏನೂ ಹೇಳಲಿಲ್ಲ. ನಾನು ಬಾಯಿ ಮುಚ್ಚಿಕೊಂಡ ಅಪರೂಪದ ಸಂದರ್ಭಗಳಲ್ಲಿ ಅದೂ ಒಂದು.

ನನ್ನ ಅನುಮಾನ ಹುಟ್ಟುಗುಣವಲ್ಲ, ಗ್ರೆನ್ವಿಕ್ ಕಾಲೇಜು ಕಲಿಸಿದ ಪಾಠ. ನಾನು ಒಕ್ಕೂಟದ ಕಾರ್ಯದರ್ಶಿಯಾದ ಎರಡನೇ ವರ್ಷ ಅವರು ನಮ್ಮ ಈಸ್ಟರ್ ಊಟಕ್ಕೆ ಬಂದು, ಎರಡೆರಡು ಸಲ ಬಡಿಸಿಕೊಂಡು ತಿಂದು, ಮರುದಿನ ಬೆಳಿಗ್ಗೆ ದೊಡ್ಡ ಒಕ್ಕೂಟವೊಂದಕ್ಕೆ ಸೇರಿದ್ದು ಪೇಪರಿನಲ್ಲಿ ಬಂತು. ಅದಕ್ಕೂ ಮುಂಚೆ ಇನ್ನೊಂದು ಕಾಲೇಜು ಹುಡುಗರನ್ನೆಲ್ಲ ಯುದ್ಧಕ್ಕೆ ಕಳಿಸಿ ಮತ್ತೆ ತಂಡ ಕಟ್ಟಲೇ ಇಲ್ಲ. ಎಂಟು ಆರಾಯಿತು. ಆರಕ್ಕಿಂತ ಒಂದು ಕಡಿಮೆಯಾದರೂ ನಮ್ಮಲ್ಲಿ ಗೆದ್ದವರಿಗೆ ರಾಷ್ಟ್ರಮಟ್ಟದ ಪಂದ್ಯಾವಳಿಗೆ ನೇರ ಪ್ರವೇಶವಿಲ್ಲ. ಅದಿಲ್ಲದ ಕಡೆಗೆ ಯಾವ ಹುಡುಗಿ ಆಡಲು ಬರುತ್ತಾಳೆ? ಆಡುವವರು ಬಾರದಿದ್ದರೆ ಕೋಲ್ಬೆಕ್‌ನಂಥ ಕಾಲೇಜಿನಲ್ಲಿ ತರಗತಿಯ ಅರ್ಧ ಬೆಂಚು ಖಾಲಿ. ನನ್ನ ಹೆದರಿಕೆ ಇಷ್ಟೇ ಆಗಿತ್ತು, ಮರ್ಲ್. ನೀನು ಹೋದರೆ ನಾವು ಸತ್ತೆವು.

ಹಾಗಾಗಿ ಕಣ್ಣಿಟ್ಟೆ. ಸೆಪ್ಟೆಂಬರಿನಲ್ಲಿ ಪಂದ್ಯಗಳ ಒಪ್ಪಂದವನ್ನು ಯಾವತ್ತಿನಂತೆ ನಾಲ್ಕು ವರ್ಷಕ್ಕೆ ಬರೆದು ಕಳಿಸಿದರೆ, ನೀನು ಅದನ್ನು ಹೊಡೆದುಹಾಕಿ ಒಂದು ವರ್ಷಕ್ಕೆ ಸಹಿ ಹಾಕಿದೆ. ಅಕ್ಟೋಬರಿನಲ್ಲಿ ನಿಮ್ಮ ಒಳಾಂಗಣ ಕ್ರೀಡಾಂಗಣಕ್ಕೆ ಬಂದಾಗ ನೆಲದ ಮೇಲಿನ ನಮ್ಮ ಒಕ್ಕೂಟದ ಲಾಂಛನ ಅರ್ಧ ಸವೆದುಹೋಗಿತ್ತು. ಪ್ರತಿ ಬೇಸಿಗೆ ಮೊಣಕಾಲೂರಿ ಅದಕ್ಕೆ ನೀಲಿ ಬಣ್ಣ ತುಂಬುತ್ತಿದ್ದವನು ನೀನೇ. ಅದೇ ದಿನ ಟೈ ಕಟ್ಟಿಕೊಂಡ ಇಬ್ಬರು ಅಪರಿಚಿತರು ಅಳತೆಯ ಟೇಪು ಹಿಡಿದು ಗೋಡೆಯಿಂದ ಗೋಡೆಗೆ ಓಡಾಡುತ್ತಿದ್ದರು. ನನ್ನನ್ನು ಕಂಡು ನೀನು ಅವರನ್ನು ಹಿಂಬಾಗಿಲಿನಿಂದ ಕಳಿಸಿದೆ. ದೊಡ್ಡ ಒಕ್ಕೂಟದವರು ಜಾಗ ನೋಡಲು ಬಂದಿದ್ದಾರೆಂದು ನಾನು ಅಲ್ಲೇ ತೀರ್ಮಾನಿಸಿಬಿಟ್ಟೆ.

ಮನೆಗೆ ಬಂದು ಹೇಳಿದರೆ ನನ್ನ ಗಂಡ ವರ್ಜಿಲ್ ಪೇಪರಿನಿಂದ ತಲೆ ಎತ್ತಲಿಲ್ಲ. “ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲಾ ಹಳದಿ ಕಣೇ. ಆ ಮನುಷ್ಯ ಮೋಸ ಮಾಡೋದಿದ್ರೆ ಮೊದಲು ನಿನಗೇ ಫೋನ್ ಮಾಡಿ ಹೇಳ್ತಾನೆ,” ಎಂದ.

ಆದರೆ ನವೆಂಬರಿನಲ್ಲಿ ನೀನು ನಮ್ಮ ಮನೆ ಬಾಗಿಲಿಗೆ ಬಂದೆ. ಅವತ್ತು ಯಾವ ಪಂದ್ಯವೂ ಇರಲಿಲ್ಲ. ನಮ್ಮಿಂದ ಎರವಲು ಒಯ್ದಿದ್ದ ಏಣಿ, ಎರಡು ಸ್ಟಾಪ್‌ವಾಚು, ಎಲ್ಲ ಇಳಿಸಿ, ಕೊನೆಗೆ ಟ್ರೇ ನನ್ನ ಕೈಗಿಟ್ಟೆ. ತೊಳೆದು ಒರೆಸಿದ್ದ, ಖಾಲಿ ಟ್ರೇ. “ಇಟ್ಕೋ ಆರ್ಡಿಸ್. ನಮ್ಮಲ್ಲಿದ್ರೆ ಎಲ್ಲಾದ್ರೂ ಕಳೆದುಹೋಗತ್ತೆ,” ಎಂದೆ. ಕಾಫಿಗೆ ಕರೆದರೂ ಒಳಗೆ ಬರಲಿಲ್ಲ. ಗಾಡಿಯಲ್ಲಿ ಕೂತು ನೀನು ಸ್ವಲ್ಪ ಹೊತ್ತು ನಮ್ಮ ಮನೆಯನ್ನೇ ನೋಡಿದೆ. ಕಿಟಕಿಯ ಪರದೆಯ ಹಿಂದೆ ನಿಂತು ನಾನೂ ನಿನ್ನನ್ನು ನೋಡುತ್ತಿದ್ದೆ. ಬಿಟ್ಟು ಹೋಗುವವರು ಹೀಗೇ ಸಾಮಾನು ಹಿಂದಿರುಗಿಸುತ್ತಾರೆ ಎಂದುಕೊಂಡೆ.

ಜನವರಿಯ ಸಭೆ ನಿನಗೆ ನೆನಪಿದೆ. ನೆನಪಿಸಲು ನನಗೆ ನಾಚಿಕೆ, ಆದರೂ ಬರೆಯುತ್ತೇನೆ. ಎಲ್ಲರ ಮುಂದೆ ನಾನು ಒಂದೊಂದೇ ಗುರುತು ಎತ್ತಿ ಹೇಳಿ, “ಮುಂದಿನ ವರ್ಷ ನೀವು ಈ ಮೇಜಿನ ಸುತ್ತ ಇರ್ತೀರೋ ಇಲ್ವೋ? ಹೌದು, ಇಲ್ಲ, ಎರಡರಲ್ಲಿ ಒಂದು ಹೇಳು ಮರ್ಲ್,” ಎಂದು ಕೇಳಿದೆ. ನೀನು ಕಾಫಿ ಲೋಟವನ್ನು ನೋಡುತ್ತ, “ಅದನ್ನ ಹೇಳೋ ಅಧಿಕಾರ ನನಗಿಲ್ಲ,” ಎಂದೆ.

ಬೇರೆ ಒಕ್ಕೂಟದ ಜೊತೆ ಮಾತುಕತೆ ನಡೆಸುವವರಿಗೆ ಪಂದ್ಯಾವಳಿಯ ಆತಿಥ್ಯವಿಲ್ಲ ಎಂಬ ನಿಯಮವನ್ನು ನಾನೇ ಓದಿದೆ. ಐವರೂ ಕೈ ಎತ್ತಿದರು. ಲಿಂಡಾಲ್‌ನಲ್ಲಿ ನಡೆಯಬೇಕಿದ್ದ ಫೆಬ್ರವರಿಯ ಪಂದ್ಯಾವಳಿ ನಮ್ಮ ಕೋಲ್ಬೆಕ್‌ಗೆ ಬಂತು. ಈ ವರ್ಷ ನಿಮ್ಮ ಹುಡುಗಿಯರು ಎಲ್ಲರಿಗಿಂತ ಮೇಲಿದ್ದರು. ನಮ್ಮ ಅಂಗಣದಲ್ಲಿ, ನಮ್ಮವರ ಕೂಗಾಟದ ನಡುವೆ, ಮೂರು ಅಂಕದಿಂದ ಸೋತರು. ಎಲ್ಲ ಮುಗಿದ ಮೇಲೆ ನೀನು ಉಳಿದುಕೊಂಡು ನಮ್ಮ ಕುರ್ಚಿಗಳನ್ನು ಮಡಚಿ ಗೋಡೆಗೆ ಒರಗಿಸಿದೆ. ತಪ್ಪಿತಸ್ಥನ ವಿನಯ ಎಂದು ನಾನು ಅದಕ್ಕೂ ಹೆಸರಿಟ್ಟೆ.

ಏಪ್ರಿಲಿನಲ್ಲಿ ಸುದ್ದಿ ಬಂತು. ಲಿಂಡಾಲ್ ಎಲ್ಲಿಗೂ ಹೋಗುತ್ತಿಲ್ಲ, ಮೇ ತಿಂಗಳಿಗೆ ಮುಚ್ಚುತ್ತಿದೆ. ಬಾಗಿಲು ಹಾಕುವ ಕಾಲೇಜಿಗೆ ನಾಲ್ಕು ವರ್ಷದ ಒಪ್ಪಂದ ಯಾಕೆ, ನೆಲಕ್ಕೆ ಬಣ್ಣ ಯಾಕೆ? ಟೈ ಕಟ್ಟಿದವರು ಕಟ್ಟಡ ಕೊಳ್ಳುವವರ ಕಡೆಯವರು. ನಾನು ಪೇಪರು ಹಿಡಿದು ಅಡುಗೆಮನೆಯ ಮೆಟ್ಟಿಲ ಮೇಲೆ ಕೂತೆ. ವರ್ಜಿಲ್ ನನ್ನ ಕೈಯಿಂದ ಪೇಪರು ತೆಗೆದುಕೊಂಡು ಹೋದ.

ಕ್ಷಮೆ ಕೇಳಲು ಆಗಲೇ ಬರೆಯಬಹುದಿತ್ತು. ಬರೆಯಲಿಲ್ಲ, ಯಾಕೆಂದರೆ ನನ್ನ ತಲೆಯಲ್ಲಿ ಇನ್ನೊಂದು ಅನುಮಾನ ಹೊಕ್ಕಿತು. ನೀವು ದೊಡ್ಡ ಒಕ್ಕೂಟಕ್ಕೆ ಹೋಗುತ್ತೀರೆಂಬ ನನ್ನ ಮಾತು ಊರೂರು ಸುತ್ತಿ, ನಿಮ್ಮ ವಿದ್ಯಾರ್ಥಿಗಳು ಅದನ್ನೇ ನಂಬಿ, ಕಾಲೇಜು ಮುಚ್ಚುವ ಸುಳಿವು ಸಿಗದೆ, ನಡುವೆ ಬಿಟ್ಟು ಹೋಗದೆ ಉಳಿದರು. ಕೊನೆಯ ವರ್ಷದ ಐವತ್ತಮೂರು ಮಂದಿ ಪದವಿ ಪಡೆದೇ ಹೋದರು. ‘ಒಂದು ಎಳೆ ಸಿಕ್ಕರೆ ನೀನು ಕಂಬಳಿ ನೇಯ್ತೀಯ’ ಎಂದು ನನ್ನನ್ನು ಆಡಿಕೊಂಡವನು ನೀನು. ಹಾಗಾದರೆ ಆ ಖಾಲಿ ಟ್ರೇ ಬೇಕೆಂದೇ ತಂದ ಎಳೆಯೇ? ನನ್ನ ಬಾಯನ್ನು ನೀನು ಡಂಗುರದ ಹಾಗೆ ಬಳಸಿಕೊಂಡೆಯಾ? ಎರಡು ತಿಂಗಳು ಇದೇ ಕುದಿಯಿತು. ನಿನ್ನ ಮೇಲೆ ಸಿಟ್ಟಿದ್ದರೆ ನನ್ನ ಮೇಲಿನ ಸಿಟ್ಟು ಕಡಿಮೆಯಾಗುತ್ತಿತ್ತು ನೋಡು.

ಕಳೆದ ವಾರ ಉಳಿದ ಐದು ಕಾಲೇಜುಗಳ ಸಭೆ ನಡೆಯಿತು. ಸದಸ್ಯರ ಹಳೆಯ ಪುಸ್ತಕದಲ್ಲಿ ಹೋದವರ ಹೆಸರಿನ ಮುಂದೆ ಕಾರಣ ಬರೆಯುವ ಜಾಗವಿದೆ. ಮೊದಲನೆಯವರಿಗೆ ‘ಯುದ್ಧ’. ಗ್ರೆನ್ವಿಕ್‌ಗೆ ‘ಬಿಟ್ಟು ಹೋದರು’, ನಾನೇ ಪೆನ್ನು ಒತ್ತಿ ಬರೆದದ್ದು, ಹಾಳೆ ಹರಿದಿದೆ. ಲಿಂಡಾಲ್ ಮುಂದೆ ನಾನು ‘ಕೊನೆಯ ಆಟದವರೆಗೂ ಇದ್ದರು’ ಎಂದು ಬರೆದೆ. ಅದು ಕಾರಣ ಹೇಗಾಗುತ್ತದೆ ಎಂದು ಯಾರೋ ತಕರಾರು ತೆಗೆದರು. ಬೇಕಾದರೆ ಇನ್ನೊಬ್ಬ ಕಾರ್ಯದರ್ಶಿಯನ್ನು ಹುಡುಕಿಕೊಳ್ಳಿ ಎಂದೆ.

ಇಷ್ಟಾಗಿ ಮೊನ್ನೆ ಗುರುವಾರ ನಮ್ಮ ಒಳಾಂಗಣಕ್ಕೆ ಇಬ್ಬರು ಬಂದರು. ಟೈ ಕಟ್ಟಿದ್ದರು. ಒಬ್ಬನ ಕೈಯಲ್ಲಿ ಅಳತೆಯ ಟೇಪು. ಮಧ್ಯಾಹ್ನ ನಮ್ಮ ಕಾಲೇಜಿನ ಅಧ್ಯಕ್ಷರು ನನ್ನನ್ನು ಕರೆಸಿ, ಬಾಗಿಲು ಹಾಕಿ, ಒಂದು ವಿಷಯ ಹೇಳಿದರು. ಹೊರಗೆ ಯಾರಿಗೂ ಹೇಳುವುದಿಲ್ಲವೆಂದು ಮಾತು ತೆಗೆದುಕೊಂಡರು. ನಾನು ಕೊಟ್ಟ ಮಾತು ತಪ್ಪುವವಳಲ್ಲ, ಆದ್ದರಿಂದ ಅದನ್ನು ಇಲ್ಲಿ ಬರೆಯುವುದಿಲ್ಲ. ಸೆಪ್ಟೆಂಬರಿನಲ್ಲಿ ನಾಲ್ಕು ವರ್ಷದ ಒಪ್ಪಂದ ನನ್ನ ಮೇಜಿನ ಮೇಲೂ ಬರುತ್ತದೆ. ಯಾರಾದರೂ ನನ್ನ ಮುಖ ನೋಡಿ ಹೌದೋ ಇಲ್ಲವೋ ಎಂದು ಕೇಳುತ್ತಾರೆ.

ಅಂದು ಮನೆಗೆ ಬಂದವಳು ಕಪಾಟಿನಿಂದ ಟ್ರೇ ಇಳಿಸಿದೆ. ಓವನ್ ಹಚ್ಚಿದೆ, ಖರ್ಜೂರ ನೆನೆಹಾಕಿದೆ, ಆಮೇಲೆ ಓವನ್ ಆರಿಸಿದೆ. ಹೇಳುವುದಿಲ್ಲವೆಂದು ಮಾತು ಕೊಟ್ಟವನು ಹೇಳದೆ ಇರಲಾರದೆ ಏನು ಮಾಡುತ್ತಾನೆ ಎಂಬುದು ನನಗೆ ಆಗ ತಿಳಿಯಿತು. ನೀನು ನವೆಂಬರಿನಲ್ಲೇ ನನಗೆ ಹೇಳಿದ್ದೆ, ಮರ್ಲ್. ನನಗೊಬ್ಬಳಿಗೇ ಹೇಳಿದ್ದೆ. ಕೇಳಿಸಿಕೊಳ್ಳದೆ ಹೋದವಳು ನಾನು. ವರ್ಜಿಲ್ ಅಂದದ್ದೇ ನಿಜವಾಯಿತು.

ಈ ಕಾಗದದ ಜೊತೆ ಟ್ರೇ ಬರುತ್ತಿದೆ. ತೊಳೆದಿದ್ದೇನೆ, ಒರೆಸಿದ್ದೇನೆ. ಒಳಗೆ ಏನೂ ಇಲ್ಲ. ಯಾಕೆಂದು ನೀನು ಕೇಳುವುದಿಲ್ಲ ಎಂದು ನನಗೆ ಗೊತ್ತು.

ನಿನ್ನ ಮೊಣಕಾಲು ನೋವು ಕಡಿಮೆಯಾಗಲಿ. ನೀನೀಗ ಹೋಗಿ ನೆಲೆಸಿರುವ ನಿನ್ನ ತಂಗಿಯ ಊರಿನಲ್ಲಿ ಒಳ್ಳೆಯ ನೆರೆಹೊರೆ ಸಿಗಲಿ. ಪರದೆಯ ಹಿಂದೆ ನಿಂತು ನೋಡುವವರು ಬೇಡ, ಬಾಗಿಲು ತೆರೆದು ಹೊರಗೆ ಬರುವವರು ಸಿಗಲಿ.

ನಿನ್ನ ಜೋಡಿ ಕಾಲೇಜಿನವಳು,
ಆರ್ಡಿಸ್