ಹಾರ್ನ್‌ಬಿಯಲ್ಲಿ ಎತ್ತಿದ ಹಳದಿ ಬಾವುಟ

ಚಿ. ಬಾಸ್ತಿಯಾನನಿಗೆ ಹಾರ್ನ್‌ಬಿಯಿಂದ ಗುರುರಾಜ್ ಅಂಕಲ್ ಮನಸಾರೆ ಮಾಡುವ ಆಶೀರ್ವಾದ.

ಕನ್ನಡದಲ್ಲಿ ಬರೆಯುತ್ತಿದ್ದೇನೆಂದು ಗಾಬರಿಯಾಗಬೇಡ. ನನ್ನ ಇಂಗ್ಲಿಷ್ ಆಫೀಸಿಗೆ ಸಾಕು, ಕ್ಷಮೆ ಕೇಳುವುದಕ್ಕೆ ಸಾಲದು. ಬರೆದದ್ದನ್ನು ನಾನು ಓದುತ್ತಾ ಹೋಗುತ್ತೇನೆ, ಮಗಳು ನಿಧಿ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಟೈಪ್ ಮಾಡಿ ನಿನಗೆ ಕಳಿಸುತ್ತಾಳೆ.

ಮೊನ್ನೆ ಚಿಲಿಯಿಂದ ನಿನ್ನ ಮೆಸೇಜು ಬಂತು. ಅಲ್ಲಿಗೆ ಮರಳಿ ನಿಮ್ಮೂರ ಫುಟ್‌ಬಾಲ್ ತಂಡಕ್ಕೆ ಸೇರಿ ವರ್ಷವಾಗುತ್ತಾ ಬಂದರೂ ಬೆಂಚಿನ ಮೇಲೇ ಕೂತಿದ್ದೀಯಂತೆ. ಪಾಸ್ ಕೊಡಲು ಆತುರ ಮಾಡುತ್ತೀಯೆಂದು ಕೋಚ್ ಬೈಯುತ್ತಾರೆ, ಈ ಭಾನುವಾರದ ಮ್ಯಾಚಿನಲ್ಲಿ ಕೊನೆಯ ಅವಕಾಶ, ಅದರಲ್ಲೂ ಹಾಗೇ ಆಡಿದರೆ ತಂಡದಿಂದ ಬಿಟ್ಟುಬಿಡುತ್ತಾರೆ ಎಂದು ಬರೆದಿದ್ದೀಯ. ಕೊನೆಗೆ, 'ಆದರೂ ಅಂಕಲ್, ತಡ ಮಾಡಬಾರದು ಅಂತ ಕಲಿಸಿದ್ದು ನಿಮ್ಮ ಬಾವುಟ ಅಲ್ಲವಾ?' ಎಂದು ಕೇಳಿದ್ದೀಯ. ಅದನ್ನು ಓದಿದ ಮೇಲೇ ಈ ಕಾಗದ ಬರೆಯಲು ಕೂತೆ.

ಆಗ ನಿನಗೆ ಹದಿನೇಳು. ಚಿಲಿಯಿಂದ ಬಂದ ನಿನ್ನ ತಾಯಿ ಇಲ್ಲಿ ನಾನು ಕೆಲಸ ಮಾಡುವ ಗೋದಾಮಿನಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಸೇರಿದ್ದರು, ಶನಿವಾರವೂ ಶಿಫ್ಟು. ನಿನ್ನನ್ನು ಮ್ಯಾಚಿಗೆ ಕರೆದೊಯ್ಯುವುದು ನನ್ನ ಪಾಲಿಗೆ ಬಂತು. ನನ್ನ ಹೆಂಡತಿ ಚಂಪಾ ಕಟ್ಟಿಕೊಟ್ಟ ಚಿತ್ರಾನ್ನದಲ್ಲಿ ನೀನು ಮೊದಲು ಕಡಲೆಬೀಜವನ್ನೆಲ್ಲ ಆರಿಸಿ ಮುಗಿಸುತ್ತಿದ್ದೆ. 'ಆ ಮಗು ಬರೀ ಬೀಜ ತಿನ್ನತ್ತೆ ಕಣ್ರೀ' ಎಂದು ಅವಳು ಒಂದು ಹಿಡಿ ಹೆಚ್ಚೇ ಹಾಕುತ್ತಿದ್ದಳು. ಈಗಲೂ ಹಾಗೇ ಹಾಕುತ್ತಾಳೆ, ನಾನು ತಿನ್ನುತ್ತೇನೆ.

ನಮ್ಮ ಚಿಕ್ಕ ಲೀಗಿನಲ್ಲಿ ರೆಫರಿ ಒಬ್ಬರೇ. ಗೆರೆ ಕಾಯುವ ಲೈನ್ಸ್‌ಮನ್ನನ್ನು ಆಯಾ ಕ್ಲಬ್ಬೇ ಕೊಡಬೇಕು. ಮೈಸೂರಿನಲ್ಲಿ ಕ್ರಿಕೆಟ್ ಬಿಟ್ಟು ಬೇರೇನೂ ನೋಡದ ನನ್ನ ಕೈಗೆ ಹಳದಿ ಬಾವುಟ ಬಂದದ್ದು ಹಾಗೆ. ಅದರ ದೆಸೆಯಿಂದ ನಿನ್ನ ಆಟವನ್ನು ಹತ್ತಿರದಿಂದ ನೋಡಿದೆ. ಚೆಂಡು ಸಿಕ್ಕಾಗ ನೀನು ಒಂದು ಉಸಿರಿನಷ್ಟು ಕಾಯುತ್ತಿದ್ದೆ. ಎಲ್ಲರೂ ಪಾಸ್ ಪಾಸ್ ಎಂದು ಅರಚುತ್ತಿದ್ದರೂ ತಲೆಯೆತ್ತಿ ನೋಡಿ, ಆಮೇಲೆ ಕೊಡುತ್ತಿದ್ದೆ. ಎಷ್ಟು ಚೆನ್ನಾಗಿತ್ತು ಅದು!

ಆಕ್ಲೆಂಡಿನ ದೊಡ್ಡ ಕ್ಲಬ್ಬಿನವರು ತಂಡಕ್ಕೆ ಸೇರಿಸಿಕೊಳ್ಳಲೆಂದು ನಿನ್ನನ್ನು ನೋಡಲು ಬಂದ ದಿನ ನೆನಪಿದೆಯಲ್ಲ? ಹಿಂದಿನ ವಾರವಷ್ಟೇ ಎದುರು ತಂಡದ ಹುಡುಗನ ತಂದೆಯೊಬ್ಬ, 'ಆ ಹುಡುಗನನ್ನು ಕಾರಿನಲ್ಲಿ ಕರೆತರುವವನೇ ಇವನು, ಇನ್ನು ಅವನ ವಿರುದ್ಧ ಬಾವುಟ ಎತ್ತುತ್ತಾನಾ?' ಎಂದು ನಕ್ಕಿದ್ದ. ಆ ಮಾತು ನನ್ನೊಳಗೆ ಚುಚ್ಚುತ್ತಲೇ ಇತ್ತು.

ಕೊನೆಯ ನಿಮಿಷಗಳಲ್ಲಿ ನೀನು ಕೊಟ್ಟ ಪಾಸಿಗೆ ನಿಮ್ಮ ತಂಡದ ಆಕಾಶ್ ಗೋಲು ಹೊಡೆದ. ಚೆಂಡು ನಿನ್ನ ಕಾಲು ಬಿಟ್ಟ ಕ್ಷಣದಲ್ಲಿ ಅವನು ಎದುರಾಳಿಯ ಕೊನೆಯ ಡಿಫೆಂಡರನ್ನು ದಾಟಿದ್ದನೇ ಎಂದು ನೋಡುವುದೊಂದೇ ನನ್ನ ಕೆಲಸ. ದಾಟಿದ್ದರೆ ಆಫ್‌ಸೈಡ್, ಬಾವುಟ ಎತ್ತಬೇಕು, ಗೋಲು ಲೆಕ್ಕಕ್ಕಿಲ್ಲ. ನಾನು ನೋಡಲಿಲ್ಲ ಕಣೋ. ಹೆತ್ತ ತಂದೆಯ ಹಾಗೆ ಹಿಗ್ಗುತ್ತಾ ನಿನ್ನ ಕಾಲನ್ನೇ ನೋಡುತ್ತಿದ್ದೆ. ಗೊತ್ತಿಲ್ಲದ ಮೇಲೆ ಸುಮ್ಮನಿರಬೇಕಿತ್ತು. ನಮ್ಮ ಹುಡುಗನ ಪಕ್ಷ ವಹಿಸಿದ ಅನ್ನಿಸಿಕೊಳ್ಳುವ ಭಯಕ್ಕೆ ಬಾವುಟ ಎತ್ತಿಬಿಟ್ಟೆ. ಗೋಲು ಹೋಯಿತು, ಆಕ್ಲೆಂಡಿನವರೂ ಎದ್ದು ಹೋದರು.

ಕಾರಿನಲ್ಲಿ ನೀನೇ ನನಗೆ ಸಮಾಧಾನ ಹೇಳಿದೆ. 'ನೀವು ಸರಿಯಾಗೇ ನೋಡಿದಿರಿ ಅಂಕಲ್, ನಾನೇ ಪಾಸ್ ಕೊಡಲು ತಡ ಮಾಡಿದೆ, ಅಷ್ಟರಲ್ಲಿ ಆಕಾಶ್ ಮುಂದೆ ಹೋಗಿಬಿಟ್ಟ.'

ಆ ಸಂಜೆ ನಿಧಿ ಮೊಬೈಲಿನಲ್ಲಿ ತೆಗೆದಿದ್ದ ವಿಡಿಯೋ ನೋಡಿದೆ. ಆಕಾಶ್ ಡಿಫೆಂಡರಿಗಿಂತ ಪೂರ್ತಿ ಒಂದು ಹೆಜ್ಜೆ ಹಿಂದಿದ್ದ. ನಾಳೆ ಹೇಳೋಣ ಅಂದುಕೊಂಡೆ. ಮಾರನೆಯ ದಿನದಿಂದಲೇ ನೀನು ಕ್ಲಬ್ಬಿನ ಗೋಡೆಗೆ ಚೆಂಡು ಒದ್ದು ಒದ್ದು, ಬೇಗ ಪಾಸ್ ಕೊಡುವುದನ್ನು ಕಲಿಯತೊಡಗಿದೆ. ನಾನು ಕಾರಿನಲ್ಲಿ ಕೂತು ನೋಡುತ್ತಿದ್ದೆ, ಹೇಡಿಯ ಹಾಗೆ. ಇವತ್ತಿಗೆ ಮೂರು ವರ್ಷ.

ಇಷ್ಟು ಓದುವಷ್ಟರಲ್ಲಿ ನಿಧಿ ಟೈಪ್ ಮಾಡುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. ಬೈಯುತ್ತಾಳೆ ಅಂದುಕೊಂಡೆ. 'ಸೆಂಡ್ ಹಿಮ್ ದ ವಿಡಿಯೋ, ಅಪ್ಪಾ' ಅಂದಳು, ಅಷ್ಟೇ.

ಕಳಿಸಿದ್ದೇವೆ. ನನ್ನನ್ನು ಕ್ಷಮಿಸುವುದು ಬಿಡುವುದು ಆಮೇಲಿರಲಿ, ಭಾನುವಾರಕ್ಕೆ ಮುಂಚೆ ಅದನ್ನು ನೋಡು. ಅದರಲ್ಲಿರುವ ಹದಿನೇಳರ ಹುಡುಗ ಹೇಗೆ ಕಾಯುತ್ತಾನೆ ನೋಡು. ಆಮೇಲೆ ಅಂಗಳಕ್ಕೆ ಇಳಿದು, ಯಾರು ಎಷ್ಟೇ ಅರಚಲಿ, ಅವನ ಹಾಗೇ ಆಡು. ನೀನು ತಡ ಮಾಡಿರಲಿಲ್ಲ ಮಗೂ. ತಡ ಮಾಡಿದವನು ನಾನು.

ನಿನ್ನ ಕಾಲಿಗೆ ನೂರು ವರ್ಷ ಶಕ್ತಿಯಿರಲಿ ಎಂದು ಹರಸುವ,
ಗುರುರಾಜ್ ಅಂಕಲ್