ಬಿಚ್ಚದ ಸೆಂಟ್ರಿಂಗ್

ನೋಯ್ಡಾ, ಶುಕ್ರವಾರ

ಚಿಕ್ಕರಸಿನಕೆರೆಯ ಭಾವನವರಿಗೆ ಸಿದ್ದರಾಜುವಿನ ನಮಸ್ಕಾರ. ಫೋನಿನಲ್ಲಿ ಹೇಳಿದರೆ ನಗುತ್ತೀರಿ ಎಂದು ಕಾರ್ಡು ಬರೆಯುತ್ತಿದ್ದೇನೆ.

ಇಲ್ಲಿ ನಮ್ಮ ಸೈಟಿನಲ್ಲಿ ನಾಲ್ಕು ಅಂತಸ್ತು ಬರೀ ಮರದಲ್ಲಿ ಎದ್ದಿದೆ. ಸೆಂಟ್ರಿಂಗ್ ಇರಬೇಕು ಎಂದುಕೊಂಡು, ಕಾಂಕ್ರೀಟ್ ಹಾಕಿ ಹಲಗೆ ಬಿಚ್ಚುವುದು ಯಾವತ್ತು ಎಂದು ನಮ್ಮ ಮೇಸ್ತ್ರಿ ಮಾದಯ್ಯನನ್ನು ಕೇಳಿದೆ. "ಬಿಚ್ಚಾಕಿಲ್ವಂತೆ ಕಣ್ಲಾ, ಈ ಮರಾನೇ ಕಟ್ಟಡವಂತೆ" ಅಂದ. ಇಷ್ಟು ವರ್ಷ ಬಿಚ್ಚುವುದಕ್ಕೆಂದೇ ಹಲಗೆ ಹೊಡೆದವನು ನಾನು. ಈಗಲೂ ಕೀಳಲು ಸಿಗಲೆಂದು ಮೊಳೆಯ ತಲೆ ಹೊರಗೆ ಬಿಟ್ಟು ಬೈಸಿಕೊಳ್ಳುತ್ತೇನೆ.

ಮರವೇ ಯಾಕೆ ಎಂದು ಸೈಟಿನ ಇಂಜಿನಿಯರಮ್ಮನನ್ನು ಕೇಳಿದೆ. ಸಿಮೆಂಟ್ ಮಾಡುವಾಗಲೇ ಹೊಗೆ ಬರುತ್ತದಂತೆ. ಮರ ಮಾತ್ರ ಬೆಳೆಯುವಾಗ ಕುಡಿದ ಹೊಗೆಯನ್ನು ಒಳಗೇ ಇಟ್ಟುಕೊಂಡು, ಸುಟ್ಟರೆ ಮತ್ತೆ ಬಿಡುತ್ತದಂತೆ. ಹಾಗಾದರೆ ಮರ ಕಡಿಯುವುದು ಪುಣ್ಯವೋ ಪಾಪವೋ ಎಂದರೆ, ಕಡಿದಲ್ಲಿ ನೆಡಬೇಕು ಎಂದರು ಇಂಜಿನಿಯರಮ್ಮ. ನನಗೆ ತಲೆಬುಡ ತಿಳಿಯಲಿಲ್ಲ.

ಕೈಯ ಸಿಮೆಂಟ್ ಹುಣ್ಣು ಮಾಯ್ದಿದೆ, ಅಕ್ಕನಿಗೆ ಹೇಳಿ.

ನಮ್ಮ ಹಳೇ ಮನೆ ಕೆಡವಿದಾಗ ನಿಮ್ಮ ಆಲೆಮನೆ ಒಲೆಗೆಂದು ನಾನೇ ಕಳಿಸಿದ ಹಲಸಿನ ಕಂಬಗಳನ್ನು ಉರಿಸಬೇಡಿ. ಇಟ್ಟುಕೊಂಡು ಏನು ಮಾಡುವುದೋ ನನಗೂ ಗೊತ್ತಿಲ್ಲ. ಉರಿಸಿಬಿಟ್ಟಿದ್ದರೆ ನನಗೆ ಹೇಳಬೇಡಿ.

ಜಾಗ ಮುಗಿಯಿತು.
ಸಿದ್ದರಾಜು