ಮಾವನ ಹಾಯಿದೋಣಿ

ಮಾರ್ಚ್ 3, ಸೋಮವಾರ

ಎಡಭಾಗದ ಆರನೆಯ ಹಲಗೆ. ಹಳೆ ಬಣ್ಣ ಕೆರೆದಾಯಿತು. ಮೇಲೆ ನೀಲಿ, ಅದರಡಿ ಹಸಿರು, ಅದರಡಿ ಮತ್ತೆ ನೀಲಿ. ಮಾವನಿಗೆ ಮನಸ್ಸು ಒಂದು ಕಡೆ ನಿಲ್ಲುತ್ತಿರಲಿಲ್ಲ ಅಂತ ಕಾಣುತ್ತದೆ.

ಸಂದುಗಳನ್ನು ನೋಡಲು ಕ್ಲಿನಿಕ್ಕಿನ ಪುಟ್ಟ ಕನ್ನಡಿಯನ್ನೂ ಕೊಕ್ಕೆಯನ್ನೂ ಒಯ್ದಿದ್ದೆ. ಮೂವತ್ತೊಂದು ವರ್ಷ ಜನರ ಬಾಯೊಳಗೆ ಇಣುಕಿದ ಕನ್ನಡಿ. ದೋಣಿ ಒಳ್ಳೆಯ ಪೇಷಂಟು — ಬಾಯಿ ತೆರೆದೇ ಇರುತ್ತದೆ, ನಡುವೆ ಮಾತಾಡುವುದಿಲ್ಲ, ಬೆರಳು ಕಚ್ಚುವುದಿಲ್ಲ. ಆದರೆ ಒಳಗಿನ ಸ್ಥಿತಿ ಚೆನ್ನಾಗಿಲ್ಲ. ಇಪ್ಪತ್ತಮೂರು ವರ್ಷ ಶೆಡ್ಡಿನಲ್ಲಿ ಬೋರಲು ಬಿದ್ದು ಒಣಗಿದೆ. ಹಲಗೆಗಳು ಒಂದಕ್ಕೊಂದು ಮುನಿಸಿಕೊಂಡು ದೂರ ಸರಿದಿವೆ. ಕೆಲವು ಕಡೆ ಆಚೆಯ ಬೆಳಕೇ ಕಾಣುತ್ತದೆ.

ಬಲಗೈ: ಬೆಳಿಗ್ಗೆ ಪರವಾಗಿಲ್ಲ. ಹನ್ನೊಂದರ ನಂತರ ನಡುಕ. ಕೆರೆಯುವ ಕೆಲಸಕ್ಕೆ ನಡುಕ ಅಡ್ಡಿಯಲ್ಲ, ಇನ್ನೂ ಬೇಗ ಮುಗಿಯುತ್ತದೆ!

ಮಾರ್ಚ್ 5, ಬುಧವಾರ

ಔಷಧಿ ಅಂಗಡಿಯವನು ಕೇಳಿದ. ‘ಕ್ಲಿನಿಕ್ ಯಾಕೆ ಮುಚ್ಚಿದ್ರಿ ಸಾರ್? ಇನ್ನೂ ಐವತ್ತೆಂಟಲ್ವಾ?’ ಬೇಜಾರಾಯಿತು, ಮಾವನ ದೋಣಿ ರಿಪೇರಿ ಮಾಡಬೇಕು ಎಂದೆ. ಎಲ್ಲರಿಗೂ ಅದನ್ನೇ ಹೇಳಿದ್ದೇನೆ. ಇವಳಿಗೂ.

ಇಲ್ಲಾದರೂ ನಿಜ ಬರೆಯುತ್ತೇನೆ. ಜನವರಿಯಲ್ಲಿ ಒಬ್ಬರಿಗೆ ಹಲ್ಲು ತುಂಬುವಾಗ ಕೈ ಮಾತು ಕೇಳಲಿಲ್ಲ. ಅವರ ತುಟಿಗೆ ಸ್ವಲ್ಪ ತಗುಲಿತು. ಅವರೇನೋ ನಕ್ಕುಬಿಟ್ಟರು. ನನಗೆ ನಗು ಬರಲಿಲ್ಲ. ಬೇರೆ ಊರಿಗೆ ಹೋಗಿ ತೋರಿಸಿದೆ. ಮಾವನಿಗಿದ್ದ ಅದೇ ಕಾಯಿಲೆ. ನಿಧಾನವಾಗಿ ಹೆಚ್ಚುತ್ತದಂತೆ. ಮಾತ್ರೆಗಳು ಶೆಡ್ಡಿನಲ್ಲಿವೆ, ಮೊಳೆಯ ಡಬ್ಬಿಯಲ್ಲಿ.

ಇವಳು ಒಂಬತ್ತು ವರ್ಷ ತನ್ನ ಅಪ್ಪನಿಗೆ ಸ್ನಾನ ಮಾಡಿಸಿದಳು, ಗುಂಡಿ ಹಾಕಿದಳು, ಉಣ್ಣಿಸಿದಳು. ಅವರು ತಾವೇ ಉಣ್ಣಲಿ ಎಂದು ಚಮಚದ ಹಿಡಿಗೆ ದಪ್ಪಗೆ ಹುರಿ ಸುತ್ತಿ, ತುದಿಯನ್ನು ಒಳಗೇ ತೂರಿಸಿ, ಜಾರದ ಹಾಗೆ ಮಾಡಿಕೊಟ್ಟಿದ್ದಳು. ಆ ಚಮಚ ಇನ್ನೂ ಅಡುಗೆಮನೆಯ ಡ್ರಾಯರಿನಲ್ಲಿದೆ. ಹದಿನಾಲ್ಕು ವರ್ಷದ ಹಿಂದೆ ಅವರು ಹೋದ ದಿನ, ಸಿಂಕಿನ ಮುಂದೆ ನಿಂತು, ನನ್ನ ಮುಖ ನೋಡದೆ ಹೇಳಿದಳು: ‘ಇನ್ನೊಂದ್ಸಲ ಇದು ನನ್ನ ಕೈಲಾಗಲ್ಲ ರೀ.’

ಹೇಗೆ ಹೇಳಲಿ ಇವಳಿಗೆ?

ಮಾರ್ಚ್ 9, ಭಾನುವಾರ

ಊಟದ ಮೇಜಿನ ತುಂಬ ಹಳೆಯ ಹಾಯಿ ಹರಡಿಕೊಂಡಿದ್ದಾಳೆ. ಹರಿದ ಕಡೆಯೆಲ್ಲ ತೇಪೆ. ಊಟ ಸೋಫಾದ ಮೇಲೆ, ತಟ್ಟೆ ತೊಡೆಯ ಮೇಲೆ.

‘ರೀ, ಮೆಷಿನ್ನಿನ ಸೂಜಿ ಒಂಚೂರು ಪೋಣಿಸ್ಕೊಡಿ.’ ಮದುವೆಯಾದಾಗಿನಿಂದ ಅದು ನನ್ನ ಕೆಲಸ. ಇಂಥ ಕೈ ಇರುವ ಗಂಡ ಇರುವಾಗ ನಾನ್ಯಾಕೆ ಕಣ್ಣು ನೋಯಿಸಿಕೊಳ್ಳಲಿ ಅನ್ನುತ್ತಿದ್ದಳು.

ಕನ್ನಡಕ ಶೆಡ್ಡಿನಲ್ಲಿ ಬಿಟ್ಟೆ ಎಂದೆ. ಕನ್ನಡಕ ಜೇಬಿನಲ್ಲೇ ಇತ್ತು. ಬಗ್ಗಿದರೆ ಬೀಳುತ್ತದೆ ಅಂತ ಸಂಜೆಯವರೆಗೆ ಬಗ್ಗಲಿಲ್ಲ.

ಮಾರ್ಚ್ 13, ಗುರುವಾರ

ಸಂದು ತುಂಬುವುದು ಶುರು. ಗಟ್ಟಿ ಅಂಟು, ಎರಡು ಡಬ್ಬಿ ಬೆರೆಸುವಂಥದ್ದು. ಮೊದಲು ಬಿಸಿಗಾಳಿ ಬಿಟ್ಟು ಚೆನ್ನಾಗಿ ಒಣಗಿಸಬೇಕು. ಆಮೇಲೆ ಒತ್ತಿ ತುಂಬಬೇಕು, ಕೂದಲೆಳೆಯಷ್ಟೂ ಜಾಗ ಬಿಡಬಾರದು. ಇದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದುಕೊಂಡು ಮಾಡಿದೆ. ಬೆಳಗ್ಗೆಯಿಂದ ಮೂರು ಅಡಿ.

ಮಾರ್ಚ್ 29, ಶನಿವಾರ

ಮುಗಿಯಿತು! ಹದಿನೇಳು ದಿನ. ಎರಡೂ ಕಡೆ. ಉಗುರು ಹಾಕಿ ಗೀರಿದರೂ ಸಂದು ಎಲ್ಲಿದೆ ಗೊತ್ತಾಗುವುದಿಲ್ಲ. ನನ್ನ ಜೀವಮಾನದ ಅತಿ ಉದ್ದದ ಫಿಲ್ಲಿಂಗು. ಒಬ್ಬನೇ ನಿಂತು ಸವರಿದೆ, ಹೆಮ್ಮೆಯಾಯಿತು. ಈ ಕೈಯಿಂದಲೇ ಆದದ್ದು.

ನಾಡಿದ್ದು ದೋಣಿ ಬಡಗಿಗೆ ಬರಲು ಹೇಳಿದ್ದೇನೆ. ಒಂದು ಮಾತು ಹೊಗಳಲಿ ಅಂತಲೇ.

ಮಾರ್ಚ್ 31, ಸೋಮವಾರ

ಬಡಗಿ ಬಂದ. ಎಪ್ಪತ್ತು ದಾಟಿದ ಮನುಷ್ಯ. ಅವನ ಹಲ್ಲು ಕಿತ್ತವನೂ ನಾನೇ, ಹಲ್ಲಿನ ಸೆಟ್ಟು ಕಟ್ಟಿಕೊಟ್ಟವನೂ ನಾನೇ. ಕೆಲಸ ಮಾಡುವಾಗ ಸೆಟ್ಟು ತೆಗೆದು ಜೇಬಿಗೆ ಹಾಕಿಕೊಳ್ಳುತ್ತಾನೆ. ಗಂಭೀರವಾದ ಮಾತಿದ್ದರೆ ಮಾತ್ರ ಹಾಕಿಕೊಳ್ಳುತ್ತಾನೆ.

ದೋಣಿಯ ಸುತ್ತ ಒಂದು ಸುತ್ತು ಬಂದ. ಗೆಣ್ಣಿನಿಂದ ಕುಟ್ಟಿ ನೋಡಿದ. ಸೆಟ್ಟು ಹಾಕಿಕೊಂಡ. ನನಗೆ ಅಲ್ಲೇ ಗೊತ್ತಾಯಿತು.

‘ಡಾಕ್ಟ್ರೇ, ಒಣಗಿದ ಹಲಗೆ ನೀರಿಗೆ ಬಿದ್ರೆ ಉಬ್ಬುತ್ತೆ. ಉಬ್ಬಿ ಉಬ್ಬಿ ತಾನೇ ಸಂದು ಮುಚ್ಕೊಳ್ಳುತ್ತೆ. ನೀವು ಅದಕ್ಕೆ ಜಾಗ ಎಲ್ಲಿ ಬಿಟ್ಟಿದ್ದೀರಿ?’

‘ನೀರು ಒಳಗೆ ಬರಬಾರ್ದಲ್ಲ ಅಂತ—’

‘ಬರ್ಬೇಕು. ಮೊದಲು ಬರ್ಬೇಕು. ಈ ಕಲ್ಲಿನಂಥ ಅಂಟು ಇಟ್ಕೊಂಡು ನೀರಿಗೆ ಇಳಿಸಿದ್ರೆ ಹಲಗೆ ಒಂದನ್ನೊಂದು ತಳ್ಳಿ ಒಳಗಿನ ಪಕ್ಕೆಲುಬು ಪಟಪಟ ಅಂತ ಮುರಿಯುತ್ತೆ.’ ಆಮೇಲೆ ನನ್ನ ಮುಖ ನೋಡಿ ಸಂಕಟವಾಯಿತೇನೋ. ‘ಕೆಲಸ ಮಾತ್ರ ಬಹಳ ನೀಟಾಗಿದೆ.’

ಎಲ್ಲ ತೆಗೆಯಬೇಕು. ಹದಿನೇಳು ದಿನದ್ದನ್ನೂ.

ಮುಖ ಊದಿಸಿಕೊಂಡು ಮನೆಗೆ ಬಂದೆ. ವಿಷಯ ಕೇಳಿ ಇವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಕೋಪ ಬಂತು, ಆಮೇಲೆ ನನಗೂ ನಗು ಬಂತು. ಆಮೇಲೆ ಹೇಳಿದಳು: ‘ಚುಕ್ಕಾಣಿಯ ಹಿಡಿ ನನ್ನ ಹತ್ರ ಕೊಡಿ. ಅದಕ್ಕೆ ವಾರ್ನಿಷ್ ನಾನೇ ಹೊಡೀತೀನಿ.’ ಒಂದು ಗಜದ ಮರದ ಕೋಲು ಅದು. ಅದನ್ನು ಹಿಡಿದೇ ದೋಣಿಯನ್ನು ತಿರುಗಿಸುವುದು. ಮಾವನ ಅಂಗೈ ಉಜ್ಜಿ ಉಜ್ಜಿ ಒಂದು ಕಡೆ ಸವೆದಿದೆ. ಕೊಟ್ಟೆ.

ಏಪ್ರಿಲ್ 12, ಶನಿವಾರ

ತೆಗೆದಾಯಿತು. ಹನ್ನೊಂದು ದಿನ. ಅದರ ಬಗ್ಗೆ ಬರೆಯುವ ಆಸೆ ಇಲ್ಲ.

ಏಪ್ರಿಲ್ 15, ಮಂಗಳವಾರ

ಈಗ ಹತ್ತಿಯ ಹುರಿ. ಮೆತ್ತಗೆ ತಿರುಚಿ ಸಂದಿನಲ್ಲಿಟ್ಟು, ಮರದ ಸುತ್ತಿಗೆಯಿಂದ ಮೆಲ್ಲಗೆ ಕುಟ್ಟಬೇಕು. ಬಿಗಿಯಾಗಬಾರದು. ಬಡಗಿ ಒಂದು ಕಡೆ, ನಾನು ಒಂದು ಕಡೆ. ಅವನ ಸುತ್ತಿಗೆ ಟಕ್… ಟಕ್… ಅನ್ನುತ್ತದೆ. ನನ್ನದು ಟಟಕ್ ಟಕ್ ಟಟಟ.

ಅವನ ಸದ್ದು ನಿಂತಿತು. ಈ ಕಡೆ ಬಂದ. ನನ್ನ ಕೈಯನ್ನೇ ನೋಡಿದ.

‘ಸುಸ್ತು,’ ಎಂದೆ.

ಸೆಟ್ಟು ಹಾಕಿಕೊಂಡ. ‘ಅಮ್ಮಾವ್ರಿಗೆ ಗೊತ್ತಾ?’

ತಲೆಯಾಡಿಸಿದೆ, ಇಲ್ಲ ಅಂತ.

‘ನನ್ನ ಹಲ್ಲು ಕೀಳೋ ಮುಂಚೆ ನೀವೊಂದು ಮಾತು ಹೇಳಿದ್ರಿ. ಚೂರೇ ಚೂರು ನೋವಾಗುತ್ತೆ, ಆಮೇಲೆ ಸರಿಹೋಗುತ್ತೆ ಅಂತ. ಚೂರಲ್ಲ, ಪ್ರಾಣ ಹೋದಂಗಾಯ್ತು. ಆದ್ರೆ ಆಮೇಲೆ ಸರಿಹೋಯ್ತು.’ ಸೆಟ್ಟು ತೆಗೆದು ಜೇಬಿಗಿಟ್ಟು ಆ ಕಡೆ ಹೋದ. ಟಕ್… ಟಕ್…

ಏಪ್ರಿಲ್ 21, ಸೋಮವಾರ

ದೋಣಿ ಮುಳುಗಿದೆ. ನಾವೇ ಮುಳುಗಿಸಿದೆವು.

ಜೆಟ್ಟಿಯ ಪಕ್ಕ, ಸೊಂಟದ ಮಟ್ಟದ ನೀರು. ಇಳಿಸಿದ್ದೇ ತಡ, ಎಲ್ಲ ಸಂದುಗಳಿಂದಲೂ ನೀರು ನುಗ್ಗಿತು. ಕೈಗೆ ಸಿಕ್ಕ ಬಕೆಟ್ಟು ಹಿಡಿದುಕೊಂಡು ಓಡಿದರೆ ಬಡಗಿ ಕಿತ್ತುಕೊಂಡ. ‘ಬಿಡಿ. ಕುಡೀಲಿ ಅದು. ಇಪ್ಪತ್ಮೂರು ವರ್ಷದ ಬಾಯಾರಿಕೆ.’ ಒಳಗೆ ನಾಲ್ಕು ಕಲ್ಲು ಹೇರಿದ. ಐದಾರು ದಿನ ಬೇಕಂತೆ.

ಹೊಸ ನೀಲಿ ಬಣ್ಣ ನೀರಿನಡಿಯಲ್ಲಿ ಕಾಣುತ್ತದೆ. ನೋಡಲಾಗುವುದಿಲ್ಲ. ಎರಡು ಸಲ ಹೋಗಿ ನೋಡಿಬಂದೆ.

ಏಪ್ರಿಲ್ 23, ಬುಧವಾರ, ಸಂಜೆ 6

ಹೇಳಿಬಿಟ್ಟೆ.

ಇವಳೂ ನೋಡಲು ಬಂದಿದ್ದಳು. ಜೆಟ್ಟಿಯ ಮೇಲೆ ಕಾಲು ಇಳಿಬಿಟ್ಟು ಕೂತೆವು. ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಟ್ಟಳು, ಅರ್ಧ ಲೋಟ ಮಾತ್ರ. ಇತ್ತೀಚೆಗೆ ಅರ್ಧವೇ ಕೊಡುತ್ತಾಳೆ. ಮೂರು ವಾಕ್ಯ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಒಂದೇ ಬಂತು.

‘ನಿಮ್ಮಪ್ಪಂಗಿತ್ತಲ್ಲ… ಅದು ನಂಗೂ ಬಂದಿದೆ.’

ನೀರನ್ನೇ ನೋಡುತ್ತಿದ್ದಳು. ‘ಯಾವಾಗ ತೋರಿಸಿದ್ರಿ?’

‘ಜನವರಿಯಲ್ಲಿ.’

‘ಇಷ್ಟು ದಿನ ಯಾಕೆ ಹೇಳ್ಲಿಲ್ಲ?’

‘ಇನ್ನೊಂದ್ಸಲ ನನ್ನ ಕೈಲಾಗಲ್ಲ ಅಂದಿದ್ದೆ ನೀನು. ಮಾವ ಹೋದ ದಿನ.’

ತಿರುಗಿದಳು. ಇಂಥ ಕೋಪ ನಾನು ನೋಡಿ ಬಹಳ ವರ್ಷವಾಗಿತ್ತು. ‘ಆವತ್ತು ನಾನು ಇನ್ನು ಜನ್ಮದಲ್ಲಿ ಕಾಫಿ ಕುಡಿಯಲ್ಲ ಅಂತಾನೂ ಅಂದಿದ್ದೆ. ಮಾರನೇ ದಿನ ಮಾಡ್ಕೊಟ್ಟೋರು ನೀವೇ. ಅದು ಮರೆತೋಯ್ತು, ಇದು ಮಾತ್ರ ನೆನಪಿದೆಯಾ? ನನ್ನನ್ನ ಒಂದು ಮಾತು ಕೇಳದೆ, ನನ್ನ ಪರವಾಗಿ ನೀವೇ ತೀರ್ಮಾನ ಮಾಡ್ಬಿಟ್ರಾ?’

ಲೋಟ ಪಕ್ಕಕ್ಕಿಟ್ಟೆ.

‘ಕೈಲಾಗುತ್ತೋ ಇಲ್ವೋ ನಂಗೂ ಗೊತ್ತಿಲ್ಲ ರೀ. ಭಯ ಆಗುತ್ತೆ. ಆದ್ರೆ ಭಯಪಡೋದಾದ್ರೂ ನಂಗೆ ಬಿಡಿ.’ ಎದ್ದು ಹೊರಟುಹೋದಳು. ಫ್ಲಾಸ್ಕು ಅಲ್ಲೇ ಉಳಿಯಿತು.

ಒಂದು ಗಂಟೆ ಅಲ್ಲೇ ಕೂತಿದ್ದೆ. ಮನೆಗೆ ಬಂದರೆ ಇವಳು ಹಿತ್ತಲಲ್ಲಿ ಬಟ್ಟೆ ತೆಗೆಯುತ್ತಿದ್ದಳು, ತಿರುಗಿ ನೋಡಲಿಲ್ಲ. ಊಟದ ಮೇಜಿನ ಮೇಲೆ ನ್ಯೂಸ್‌ಪೇಪರಿನಲ್ಲಿ ಸುತ್ತಿದ ಒಂದು ಉದ್ದನೆಯ ವಸ್ತು.

ಚುಕ್ಕಾಣಿಯ ಹಿಡಿ. ಮಾವ ಸವೆಸಿದ ಜಾಗದಲ್ಲಿ ಒಂದು ಗೇಣು ಉದ್ದ ಹುರಿ ಸುತ್ತಿದೆ, ದಪ್ಪಗೆ, ಒತ್ತೊತ್ತಾಗಿ. ತುದಿ ಒಳಗೇ ತೂರಿಸಿದೆ. ಡ್ರಾಯರು ತೆಗೆದು ಚಮಚ ಪಕ್ಕದಲ್ಲಿಟ್ಟು ನೋಡಿದೆ. ಅದೇ ಸುತ್ತು.

ಹುರಿಯ ಮೇಲೆ ವಾರ್ನಿಷ್, ಮೂರು ಪದರ. ಉಗುರು ಒತ್ತಿದೆ, ಗುರುತು ಮೂಡಲಿಲ್ಲ. ಒಂದು ಪದರ ಒಣಗಲು ಒಂದು ದಿನ ಬೇಕು. ನಾನು ಬಾಯಿ ಬಿಟ್ಟದ್ದು ಇವತ್ತು ನಾಲ್ಕೂವರೆಗೆ.

ಅಂದರೆ ಇವಳಿಗೆ ಗೊತ್ತಿತ್ತು. ಸೂಜಿ ಪೋಣಿಸಿಕೊಡಿ ಅಂತ ಕೇಳುವುದನ್ನು ಇವಳು ಯಾವಾಗಲೋ ನಿಲ್ಲಿಸಿದ್ದಳು. ನಾನು, ಬದುಕಿದೆ ಅಂದುಕೊಂಡಿದ್ದೆ.

ಕೂತು ಅತ್ತುಬಿಟ್ಟೆ. ಒಗೆದ ಬಟ್ಟೆಯ ರಾಶಿ ಹೊತ್ತು ಒಳಗೆ ಬಂದವಳು ನನ್ನತ್ತ ಒಂದು ಟವೆಲ್ಲು ಎಸೆದು ಕೋಣೆಗೆ ಹೋದಳು.

ಏಪ್ರಿಲ್ 27, ಭಾನುವಾರ, ಬೆಳಿಗ್ಗೆ 7

ಜೆಟ್ಟಿಯ ಮೇಲೆ ಕೂತು ಬರೆಯುತ್ತಿದ್ದೇನೆ, ಪುಸ್ತಕ ತೊಡೆಯ ಮೇಲೆ.

ತೇಲುತ್ತಿದೆ!! ನಿನ್ನೆ ಬಡಗಿ ಕಲ್ಲು ತೆಗೆದ, ಮೂವರೂ ನೀರು ಎತ್ತಿ ಹಾಕಿದೆವು. ಇವತ್ತು ಬೆಳಿಗ್ಗೆ ಬಂದು ನೋಡಿದರೆ ಒಳಗೆ ಒಣ ಒಣ. ಎಡಭಾಗದ ಆರನೆಯ ಹಲಗೆಯ ಹತ್ತಿರ ಮಾತ್ರ ಒಂದು ಬೊಗಸೆ ನೀರು. ಅದನ್ನು ಮುಚ್ಚಲೇ ಎಂದರೆ ಬಡಗಿ ಸೆಟ್ಟಿಲ್ಲದ ಬಾಯಿಯಲ್ಲಿ ಬೈದ.

ಇವಳು ಹಾಯಿ ಕಟ್ಟುತ್ತಿದ್ದಾಳೆ. ಹುಡುಗಿಯಾಗಿದ್ದಾಗ ಅಪ್ಪನ ಜೊತೆ ಕಲಿತದ್ದು, ಕೈ ಮರೆತಿಲ್ಲ. ಚುಕ್ಕಾಣಿ ನೀನೇ ಹಿಡಿ, ನನಗೆ ಬರುವುದಿಲ್ಲ ಎಂದೆ.

‘ಆಗಲ್ಲ. ಅದು ನಿಮ್ಮ ಕೈ ಅಳತೆಗೇ ಸುತ್ತಿದ್ದು. ಕ್ಲಿನಿಕ್ಕಿನ ಹಳೇ ಗ್ಲೌಸಿಗೆ ಹತ್ತಿ ತುಂಬಿ ಅಳತೆ ತಗೊಂಡೆ. ನಾನು ಮುಂದೆ ಕೂತು ಹೇಳ್ತೀನಿ, ನೀವು ತಿರುಗಿಸಿ.’

ಹತ್ತಿ ತುಂಬಿದ ನನ್ನ ಕೈ ಮನೆಯಲ್ಲಿ ಎಲ್ಲಿ ಬಚ್ಚಿಟ್ಟಿದ್ದಳೋ!

ಹಿಡಿದು ನೋಡಿದೆ. ಕೈ ನಡುಗುತ್ತದೆ, ಆದರೆ ಜಾರುವುದಿಲ್ಲ. ಅಷ್ಟು ಸಾಕು.

ಗಾಳಿ ಎದ್ದಿದೆ. ಅಕ್ಷರ ಇವತ್ತು ತೀರಾ ಕೆಟ್ಟದಾಗಿ ಬರುತ್ತಿದೆ, ಕೋಳಿ ಕೆದರಿದ ಹಾಗೆ. ದೋಣಿ ಬಿಟ್ಟು ಇವಳು ಯಾವಾಗ ಮೇಲೆ ಬಂದಳೋ, ಹಿಂದಿನಿಂದ ಬಗ್ಗಿ ಓದುತ್ತಿದ್ದಾಳೆ. ಓದಲಿ. ‘ಈ ಪೆನ್ನಿಗೂ ಸುತ್ಕೊಡ್ಲಾ?’ ಅಂತ ಕೇಳುತ್ತಿದ್ದಾಳೆ.